ಚೀಲದಾಗಿನ ಬೇರು

ಮಳಿ ಬಂದಿರಲಿಲ್ಲ. ಅದನ್ನ ಮೊದಲು ಹೇಳತೇನಿ.
ಮುಧೋಳದ ಮ್ಯಾಲ ಬಿಸಲು ಹಂಗ ಬಿದ್ದಿತ್ತು.
ನೆರಳಿನ ಹಸರು ಬಲಿ ಕೆಳಗ ನಾವು ಐದು ಮಂದಿ ಹೆಂಗಸರು
ಕೆಮ್ಮಣ್ಣಿಗೆ ಗೊಬ್ಬರ ಕಲಿಸಿ ಚೀಲ ತುಂಬತಿದ್ದಿವಿ.
ಎಲ್ಲೋ ದೂರ, ಘಟ್ಟದಾಗ, ಯಾರದೋ ಮಳಿ;
ಹಿಡಕಲ್ಲಿನ ಗೇಟು ಎತ್ತ್ಯಾರಂತ ಫೋನು ಬಂತು
ರಾಜೇಸಾಬ ಬಾಗವಾನಗ.
ಅಂವ ಫೋನು ಕಿಸೇದಾಗ ಇಟ್ಟು
ಒಂದು ಸಸಿಯ ಎಲಿ ಹಿಚುಕಿ ಮೂಸಿ ನೋಡಿದ,
ಸುಮ್ನ.

ಹನ್ನೆರಡು ಸಾವಿರ ಲಿಂಬಿ. ಮೂರು ಸಾವಿರ ಪ್ಯಾರಲ.
ದಾಳಿಂಬ್ರಿ ಲೆಕ್ಕ ಬರದಿಟ್ಟಿರಲಿಲ್ಲ.
ಟ್ರ್ಯಾಕ್ಟರ್ ಒಂದ. ರಾತ್ರಿ ಒಂದ.
ಯಾವುದು ಮೊದಲು?
ಕಸಿ ಕಟ್ಟಿದ್ದನ್ನ, ಅಂದ ಅಂವ.
ಮುಂಗಡ ಬಂದದ್ದನ್ನ, ಅಂದಳು ಹೆಂಡತಿ ಝುಲೇಖಾ.
ನಾ ಏನೂ ಅನಲಿಲ್ಲ, ಕೈಗೆ ಹತ್ತಿರ ಇದ್ದದ್ದನ್ನ ಎತ್ತಿದೆ.
ಬುಟ್ಟಿಗೆ ಹದಿನಾರು. ಹದಿನಾರು. ಹದಿನಾರು.
ನಸಕಿನ್ಯಾಗ ಎಣಿಕಿ ತಪ್ಪಿತು,
ನೀರು ಮೀನಖಂಡಕ್ಕ ಬಂದಿತ್ತು.

ಚೀಲದ ಸಸಿ ಒಮ್ಮೆಲೆ ಮುಳುಗೂದಿಲ್ಲ.
ಅಲುಗತಾವ, ಒಂದಕ್ಕೊಂದು ಭುಜ ಹಚ್ಚತಾವ,
ಸಾಲಿ ಬಿಟ್ಟ ಹುಡುಗರ ಹಂಗ.
ಆಮ್ಯಾಲ ಒಂದು ಸಾಲು
ಹೇಳದ ಕೇಳದ ಹೊಳಿ ಕಡೆ ನಡೀತೈತಿ.

ಒಂಬತ್ತು ದಿನ ಗೋದಾಮಿನ್ಯಾಗ ಇದ್ದಿವಿ.
ಹತ್ತನೇ ದಿನ ಬಂದರ
ಬಲಿ ಹೋಗಿ ಜಾಲಿಗೆ ಸುತಗೊಂಡಿತ್ತು,
ಕಾಲಿಟ್ಟಲ್ಲಿ ಗೋಡು,
ಹೆಸರಿನ ಚೀಟಿ ಒಂದೂ ಇಲ್ಲ.

ಪಂಚನಾಮೆಗೆ ಬಂದ ಹುಡುಗನ ಫಾರ್ಮಿನ್ಯಾಗ
ಮನಿಗೆ ಜಾಗ ಇತ್ತು, ಎಮ್ಮಿಗೆ ಇತ್ತು, ಕಬ್ಬಿಗೂ.
‘ಬೆಳಿ ಅಂದ್ರ ನೆಲದಾಗ ಬೇರಿರಬೇಕರಿ ಕಾಕಾ,
ಇವು ಚೀಲದಾಗ ಅದಾವು.’
ಚಲೋ ಹುಡುಗ. ಪೆನ್ನು ಝಾಡಿಸಿದ,
ಹಾಳಿ ಹೊಳ್ಳಿಸಿ ನೋಡಿದ,
ಹಿಂದ ಏನರ ಇರಬಹುದು ಅಂತ.

ಬದುಕಿದ್ದವು ಹದಿನೈದು ದಿನಕ್ಕ ಚಿಗಿತವು.
ನಾ ಒದರಿದೆ. ರಾಜೇಸಾಬ ಮೊಣಕಾಲೂರಿ ನೋಡಿದ:
‘ಬೌರವ್ವ, ಚಿಗುರು ಗಂಟಿನ ಕೆಳಗೈತಿ.’
ಕಟ್ಟಿದ ಕಣ್ಣು ಸತ್ತಿತ್ತು.
ಅಡಿಯಾಗ ಇಷ್ಟು ದಿನ ಹೊತ್ತು ನಿಂತ
ಮುಳ್ಳಿನ ಜಂಬೇರಿ
ತನ್ನ ಹೆಸರಲೆ ಎದ್ದಿತ್ತು.

ನಾಕನೂರು ಲಿಂಬಿಗೆ ಮುಂಗಡ ಕೊಟ್ಟ ಬೀಳಗಿಯವರು
ಗಾಡಿ ತಗೊಂಡ ಬಂದರು, ನೋಡಿದರು, ಚಾ ಕುಡಿದರು,
ರೊಕ್ಕ ಕೇಳದ ಹ್ವಾದರು.
ಕೇಳಿದ್ರ ಚಲೋ ಇತ್ತು.

ಈಗ ಮತ್ತ ಚೀಲ ತುಂಬತೇವಿ.
ಹೊಳಿ ಬಿಟ್ಟ ಗೋಡು ಪುಕ್ಕಟ್ಟೆ, ಒಣಗಿದರ ಇಟ್ಟಂಗಿ;
ಒಂದು ಬುಟ್ಟಿಗೆ ಎರಡು ಬುಟ್ಟಿ ಉಸುಕು ಬೆರಸಬೇಕು.
ಚೀಟಿ ಹೋದ ಎಂಬತ್ತು ಸಸಿ ಬ್ಯಾರೆ ಸಾಲಿಗೆ ಅದಾವ.
ಪ್ಯಾರಲ ಹೌದು,
ಒಳಗ ಬಿಳೇದೋ ಕೆಂಪೋ ಯಾರಿಗ್ಗೊತ್ತು.
ಅರ್ಧ ರೇಟು. ಒಂದನ್ನ ನಾ ಒಯ್ದು
ಬಚ್ಚಲ ನೀರು ಹರಿಯೋ ಕಡೆ ಹಚ್ಚೇನಿ.

ರಾಜೇಸಾಬ ಇನ್ನೂ ದಿನಾ ಎಲಿ ಹಿಚುಕತಾನ, ಮೂಸತಾನ.
ಯಾವ ಜಾತೀದು ಅಂತ ಕೇಳಿದರ
‘ಹೊಳಿ’ ಅಂತಾನ.