ಬಿಟ್ಟುಹೋದ ಗೀಟು

ಕಪನೂರಿನ ದಾಲ್ ಮಿಲ್ಲು, ತೊಗರಿ ಒಣಗುವ ಅಂಗಳ.
ಕಾಳಿನ ತೇವ ಹೊರಬರುವ ಸಮೀಕರಣ
ಒಂದೇ ಸಾಲು ಬರೆದೆ.
ಉಳಿದದ್ದು ಯಂತ್ರ ಬರೆಯಿತು:
ನಾಲ್ಕು ಸಾವಿರ ಸಾಲು ಕೋಡು,
ಕಾಳನ್ನು ಅರವತ್ತು ಪದರವಾಗಿ ಬಿಡಿಸಿ,
ಪ್ರತಿ ಪದರವೂ ಪಕ್ಕದ್ದನ್ನು
‘ನಿನ್ನಲ್ಲೆಷ್ಟು ನೀರು?’ ಎಂದು ಕೇಳುವಂತೆ.

ಎಲ್ಲೂ ಎಡವಲಿಲ್ಲ, ಓಡಿತು.
ಮೂರನೇ ಬಿಸಿಲಿಗೆ ಪರದೆಯ ಮೇಲೆ
ಕಾಳು ಉಬ್ಬುತ್ತಿದೆ.

ಕಾಲಲ್ಲೇ ರಾಶಿ ಕೆದರುತ್ತ ಬಂದ ನಾಗೂಬಾಯಿ
ಇಣುಕಿ, ‘ಮೊಳಕಿ ಒಡಿತದೇನ್ರಿ?’ ಅಂದಳು.
ಒಂದು ಕಾಳು ಕಚ್ಚಿದಳು. ಕಟ್.
‘ನಮ್ದು ಆಗ್ಯಾದ.’

ಸಂಜೆತನಕ ಹುಡುಕಿದೆ.
ನಾಲ್ಕು ಸಾವಿರದಲ್ಲಲ್ಲ, ನನ್ನ ಒಂದು ಸಾಲಿನಲ್ಲಿ
ಋಣದ ಗೀಟೊಂದು ಬಿಟ್ಟಿತ್ತು,
ಸಿಪ್ಪೆಗಿಂತ ತೆಳ್ಳಗಿನದು.

ಇಟ್ಟೆ.
ಯಂತ್ರ ಮತ್ತೆ ನಾಲ್ಕು ಸಾವಿರ ಬರೆಯಿತು,
ಒಂದು ಬೈಗುಳವೂ ಇಲ್ಲದೆ.
ಅಂಗಳದಲ್ಲಾಗಲೇ ಹಸಿ ತೊಗರಿ ಹರವಿದ್ದರು.