ಎರಡನೇ ಗಂಟೆ

ಒಂದು ಗಂಟೆ ಅಂದ್ರ ನಿಲ್ಲು. ಎರಡು ಅಂದ್ರ ನಡಿ.
ಹದಿನಾಲ್ಕು ವರ್ಷ ಗದಗ–ಹುಬ್ಬಳ್ಳಿ ಹಗ್ಗ ಜಗ್ಗಿದಾಕಿ ನಾನು.
ಆ ದಿನ ನಲವಡಿಯೊಳಗ
ಒಂದಾ ಬಡೀತು.
ಕೈ ಮತ್ತ ಮ್ಯಾಲ ಹೋಗವಲ್ತು.
ಡ್ರೈವರ್ ರಾಜೇಸಾಬ ಕನ್ನಡಿಯಾಗ ನೋಡಿದ:
“ಫಕೀರವ್ವಾ, ಇನ್ನೊಂದು?”
ತುಂಬಿದ ಬಸ್ಸು, ಗುರ್ ಗುರ್ ಎಂಜಿನ್ನು.
ಬಾಯಿಲೆ ಅಂದೆ: ರೈಟ್.

ಅದಕ್ಕೂ ಮೊದಲ ತಲಿ ಬಾಚೋದು ಬಿಟ್ಟಿದ್ದೆ.
ಮಗಳು ಹೆರಳು ಹಾಕ್ಕೋತ ಕೇಳಿದ್ಲು,
“ಯವ್ವಾ, ಕಣ್ರೆಪ್ಪಿಗೆ ಏನ್ ಹಚ್ಚೀದಿ, ಬದನಿ ಹೂವಿನ ಬಣ್ಣ?”
ಏನೂ ಹಚ್ಚಿರಲಿಲ್ಲ.

ರಕ್ತದ ಚೀಟಿ ನೋಡಿದವ್ರು ಲಿವರ್ ಅಂದ್ರು.
ಕಾಮಣಿ ಅಂತ ಬರಿಹೊಟ್ಟಿಲೆ ಸೊಪ್ಪಿನ ರಸ ಕುಡದೆ,
ಮುಂಗೈ ಸುಡಿಸಿಕೊಂಡೆ.
ಕಣ್ಣು ಹಳದಿ ಆಗಿದ್ದಾ ಇಲ್ಲ, ಯಾರೂ ನೋಡಲಿಲ್ಲ.
ಡಿಪೋದವ್ರು ಅಂದ್ರು, ಡ್ಯೂಟಿ ತಪ್ಪಿಸೋ ನಾಟಕ.
ಬಾಗಿಲ ಸರಳ ಹಿಡದು, ತೊಡಿಗೆ ಕೈ ಊರಿ,
ಮೊದಲ ಮೆಟ್ಲಿಗೆ ನನ್ನ ನಾನಾ
ಚೀಲಧಂಗ ಎತ್ತಿ ಒಗೀತಿದ್ದೆ.
ಆ ನಾಟಕಕ್ಕ ಟಿಕೀಟಿರಲಿಲ್ಲ.

ಹುಬ್ಬಳ್ಳಿ ದವಾಖಾನಿ, ಪಾಳೆ ತೊಂಬತ್ತೊಂದು.
ಸಣ್ಣ ವಯಸ್ಸಿನ ಡಾಕ್ಟರ್ ಬಾಯಿ ಚೀಟಿ ಬದಿಗಿಟ್ಟು
ನನ್ನ ಬೆರಳಗೆಣ್ಣು ಹಿಡದ್ಲು. ಗೆಣ್ಣಿಗೊಂದು ಕೆಂಪು ಹಕ್ಕಳಿ.
“ಕೈಕಟ್ಟಿ ಕುರ್ಚಿಯಿಂದ ಏಳ್ರಿ.”
ಮೂರು ಸಲ ಮುಗ್ಗರಿಸಿ ಅಲ್ಲೇ ಕುಂತೆ.
“ನುಂಗಾಕ ತ್ರಾಸ?”
ರೊಟ್ಟಿ ನೀರಾಗ ತೋಯ್ಸಿ ತಿನ್ನೋದು
ಮನ್ಯಾಗೂ ಹೇಳಿರಲಿಲ್ಲ.
“ಇದು ಲಿವರಲ್ಲ, ಸ್ನಾಯು ಸೋರಾಕತ್ತಾವು.”

ತೊಡಿಯಿಂದ ಕಡ್ಲಿಯಷ್ಟು ಮಾಂಸ ತೆಗದ್ರು.
ವಾರ ಬಿಟ್ಟು ಹೆಸರು ಬಂತು, ಡರ್ಮಟೋಮಯೋಸೈಟಿಸ್.
ಗದಗದಾಗ ಶುರು ಮಾಡಿದ್ರ
ಅಣ್ಣಿಗೇರಿಗೆ ಮುಗೀತೈತಿ.

ಮುಂಜಾನೆ ಆರು ಗುಳಿಗಿ, ಉಂಡ ಮ್ಯಾಲ.
ಹಳದಿ ಗುಳಿಗಿ ಮಂಗಳವಾರಕ್ಕೊಮ್ಮೆ,
ದಿನಾ ನುಂಗಿದ್ರ ಜೀವಕ್ಕ ಬರತೈತಿ ಅಂತ
ಮೂರು ಸಲ ಗೀಟು ಹೊಡದು ಬರದ್ಲು.
ಬಿಸಿಲಿಗೆ ಸೆರಗು. ಉಪ್ಪು ಕಡಿಮಿ.
ಗ್ವಾಡಿ ಹಿಡದು ತೋಳು ಎತ್ತೋ ಅಭ್ಯಾಸ,
ಸುಣ್ಣದ ಮ್ಯಾಲ ಬೆರಳಿನ ಗುರ್ತು
ದಿನಕ್ಕೊಂದು ನೂಲೆಳಿಯಷ್ಟು ಮ್ಯಾಲ;
ಕೆಲವು ದಿನ ಕೆಳಗ.

ಮುಖ ಉಬ್ಬಿತು.
ತಪಾಸಣಿಗೆ ಹೊಂಟಾಗ ಹೊಸ ಹುಡುಗಿ ಕಂಡಕ್ಟರು
ಆಧಾರ ಕಾರ್ಡು ನೋಡಿದ್ಲು, ನನ್ನ ನೋಡಿದ್ಲು,
ಮತ್ತ ಕಾರ್ಡು.
“ನಾನಾ ಅದೀನವ್ವಾ,” ಅಂದೆ.
ಸೊನ್ನಿ ರೂಪಾಯಿ ಟಿಕೀಟು ಹರದು ಕೊಟ್ಲು.

ಈ ತಿಂಗಳಿಂದ ಐದು ಗುಳಿಗಿ.
ನಲವಡಿ ಬಂತು. ಹುಡುಗಿ ಒಂದು ಹೊಡದ್ಲು,
ಮಂದಿ ಇಳದ್ರು, ಹತ್ತಿದ್ರು,
ಎರಡು ಹೊಡ್ಯೋದ್ರಾಗ
ಉಡ್ಯಾಗಿದ್ದ ನನ್ನ ಕೈ ತಾನಾ ಎದ್ದಿತ್ತು,
ಕಿವಿ ತನಕ.

ಹಗ್ಗಕ್ಕ ಇನ್ನೊಂದು ಗೇಣು.