ಗುರುವಾರದ ಅಂಟು

ಜೊಂಬಾ ಪೇಟೆ ಮುಗಿದು ಗುಡ್ಡ ಶುರುವಾಗುವಲ್ಲಿ
ಇಗರ್ಜಿಯ ಹಿಂದೆ, ಮಾವಿನ ಮರದ ಕೆಳಗೆ
ಮೂರು ಕಲ್ಲು, ಒಂದು ತಗಡಿನ ಡಬ್ಬ,
ಮೆಕ್ಕೆಜೋಳದ ಹಿಟ್ಟು ಕೊತಕೊತ ಕುದಿಯುತ್ತಿತ್ತು.
ಊಟಕ್ಕಿರಬೇಕು ಅಂದುಕೊಂಡೆ.
ಅಂಟಿಗೆ, ಅಂದರು.

ನಾನು ಸೈಕಲ್ ಬಾಡಿಗೆಯವನು.
ಹಿಂದಿನ ಸೀಟಿನಲ್ಲಿ ಊರ ಮಂದಿಯನ್ನು ಹೊತ್ತು ತುಳಿಯುವವನು.
ಅವತ್ತು ಆ ಸೀಟು ಖಾಲಿ. ಬೆನ್ನ ಮೇಲೆ
ಹೆಂಡತಿಯ ಬಟ್ಟೆಯಲ್ಲಿ ಬಿಗಿದ ಅಲಿನಾಫೆ.
ಗಂಡಸು ಕೂಸು ಕಟ್ಟಿಕೊಂಡ ಅಂತ
ಸೇತುವೆಯ ತನಕ ನಕ್ಕವರನ್ನು ಎಣಿಸಿದೆ,
ಆಮೇಲೆ ಬಿಟ್ಟೆ.

ನಾಲ್ಕು ವರ್ಷ. ಕತ್ತು ನಿಲ್ಲದು.
ಆಸ್ಪತ್ರೆ ಒಂದು ಹೆಸರು ಹೇಳಿತು,
ಅತ್ತೆ ಇನ್ನೊಂದು. ಮೂರನೆಯದನ್ನು
ನನಗೆ ಕೇಳಬಾರದೆಂದು ಓಣಿ ಪಿಸುಗುಟ್ಟಿತು,
ಕೇಳಿಸಿತು.

ಇಲ್ಲಿ ಹೆಸರು ಕೇಳಲಿಲ್ಲ.
'ರಾತ್ರಿ ಎಷ್ಟು ಸಲ ಏಳುತ್ತಾಳೆ?
ಯಾವ ಮಗ್ಗುಲಿಗೆ ಮಲಗಿಸಿದರೆ ಅಳು ನಿಲ್ಲುತ್ತದೆ?'
ಎಡ, ಅಂದೆ.
'ಅಯ್ಯೋ, ನಮ್ಮವನೂ ಎಡವೇ!' ಎಂದಳು ಫೈನೆಸ್,
ದೂರದೂರಲ್ಲಿ ತವರಿನವರು ಸಿಕ್ಕಿದ ಹಾಗೆ.

ಆಮೇಲೆ ನಂಬೇವೆ ಒಂದು ಲೋಟ ನೀರು ಕೊಟ್ಟಳು.
'ಆಕಾಶ ನೋಡುತ್ತ ಕುಡಿ.'
ಕುಡಿದೆ. ನೆತ್ತಿಗೇರಿತು. ಮೂಗಿನಿಂದ ಬಂತು.
ಹೆಂಗಸರೆಲ್ಲ ನಕ್ಕರು, ಕೆಮ್ಮುತ್ತಲೇ ನಾನೂ ನಕ್ಕೆ.
'ಮಗುವಿಗೆ ಹೀಗೇ ತಾನೇ ಉಣಿಸುವುದು, ತಲೆ ಹಿಂದಕ್ಕೆ ಚೆಲ್ಲಿ?
ಗದ್ದ ಕೆಳಗಿಡು. ಚಮಚ ಕೆಳಗಿನಿಂದ ತಾ.
ನುಂಗಿದ್ದು ಕಾಣಲಿ. ಆಮೇಲೆ ಎರಡನೆಯ ತುತ್ತು.'

ನಾಲ್ಕು ವರ್ಷ ಆ ಕೆಮ್ಮು
ಅವಳ ಮೈಯದೆಂದುಕೊಂಡಿದ್ದೆ.
ನನ್ನ ಕೈಯದಾಗಿತ್ತು.
'ನನ್ನ ಕೈಯದೂ,' ಎಂದಳು ನಂಬೇವೆ,
'ಮೂರು ವರ್ಷ. ಕೂತುಕೋ.'

ಇಲ್ಲಿ ಒಂದೇ ಕಟ್ಟಳೆ:
ನೀನು ಮಾಡುವ ಮೊದಲ ಕುರ್ಚಿ ಇನ್ನೊಬ್ಬರ ಮಗುವಿಗೆ.
ಕಚೇರಿಗಳಿಂದ ಬೇಡಿ ತಂದ ಹಳೆ ಪತ್ರಿಕೆ,
ಗೆದ್ದ ಮಂತ್ರಿ, ಸೋತ ಮಂತ್ರಿ, ಸಕ್ಕರೆಯ ರೇಟು,
ಫುಟ್‌ಬಾಲು, ಸತ್ತವರ ಫೋಟೋ,
ಹರಿ, ಅದ್ದು, ಹಚ್ಚು, ಅಂಗೈಯಿಂದ ಸವರು.
ಒಂದು ಪದರ ಒಣಗದೆ ಇನ್ನೊಂದಿಲ್ಲ.
ಬಾಡಿಗೆ ತಪ್ಪುತ್ತದೆ, ಬೇಗ ಆಗಲಿ, ಅಂದೆ.
ಬಿಸಿಲಿಗೆ ಹೇಳು, ಅಂದರು.

ಅಳತೆಗೆ ಟೇಪಿಲ್ಲ. ದಾರ, ದಾರಕ್ಕೆ ಗಂಟು:
ಕುಂಡಿಯಿಂದ ಕಂಕುಳು, ಮಂಡಿಯಿಂದ ಹಿಮ್ಮಡಿ.
ಮರಕ್ಕೆ ಹೊಡೆದ ಮೊಳೆಗಳಲ್ಲಿ ಹನ್ನೊಂದು ಮಕ್ಕಳು
ದಾರವಾಗಿ ತೂಗುತ್ತಿದ್ದರು.
ಒಂದನ್ನು ಯಾರೂ ಮುಟ್ಟುತ್ತಿರಲಿಲ್ಲ.

ಅದು ಯಾಮಿಕಾನಿ. ನಂಬೇವೆಯ ಮಗ.
ಹೋದ ಮಳೆಗಾಲ, ಎದೆ ಕಟ್ಟಿ, ಎರಡೇ ರಾತ್ರಿ.
ಮುಂದಿನ ಗುರುವಾರ ಅವಳು ಹಿಟ್ಟು ಹಿಡಿದು ಬಂದಳಂತೆ,
ಯಾರೂ ಏನೂ ಕೇಳಲಿಲ್ಲವಂತೆ.
ನಾನು ಮೂಢ, ಕೇಳಿಬಿಟ್ಟೆ:
ಇನ್ನೂ ಯಾಕೆ ಬರುತ್ತೀ?
ಅವಳು ಡಬ್ಬದ ತಳ ಕೆರೆದಳು.
'ಅವನನ್ನು ಹೆಸರು ಹಿಡಿದು ಮಾತಾಡುವವರು
ಈ ಮರದ ಕೆಳಗೆ ಬಿಟ್ಟರೆ ಎಲ್ಲಿದ್ದಾರೆ?'

ನನ್ನ ಕುರ್ಚಿ ಸೊಟ್ಟಗಾಯಿತು, ಎಡತೋಳು ಒಂದು ಬೆರಳು ಎತ್ತರ.
ಫೈನೆಸಳ ಸೈಟಿ ಅದರಲ್ಲಿ ಕೂತ,
ಎತ್ತರದ ಕಡೆಗೇ ಒರಗಿದ,
ಅಲ್ಲೇ ನಿದ್ದೆಹೋದ.

ಅಲಿನಾಫೆಯದನ್ನು ಯಾರು ಮಾಡಿದರೋ ಗೊತ್ತಿಲ್ಲ,
ಐದಾರು ಕೈ. ಉಗುರಿನ ಗೀರುಗಳು ಬೇರೆಬೇರೆ.
ಸೈಕಲ್ಲಿಗೆ ಕಟ್ಟಿ ಮನೆಗೆ ತಂದೆ.
ಅಂಗಳದಲ್ಲಿ ಇಟ್ಟು ಕೂರಿಸಿ ಪಟ್ಟಿ ಬಿಗಿದೆ.
ತಲೆ ನಿಂತಿತು.

ಹುಟ್ಟಿದಾಗಿನಿಂದ ನನ್ನ ಗಲ್ಲದ ಕೆಳಭಾಗವನ್ನಷ್ಟೇ ಕಂಡವಳು,
ಈಗ ನೆಟ್ಟಗೆ ನನ್ನ ಮುಖ ನೋಡುತ್ತಾಳೆಂದು
ಎದುರಿಗೆ ಕುಕ್ಕರಗಾಲಲ್ಲಿ ಕೂತೆ, ಅಂಗಿ ಸರಿಮಾಡಿಕೊಂಡು.
ಅವಳು ನೋಡಿದ್ದು ಕೋಳಿಯನ್ನು.
ನನ್ನ ಭುಜದಾಚೆ, ಕಸ ಕೆದಕುವ ಕೋಳಿಯನ್ನು,
ಹೊತ್ತು ಇಳಿಯುವ ತನಕ, ಕೋಳಿಯನ್ನೇ.

ಗುರುವಾರ ಇದನ್ನು ಹೇಳಿದೆ.
ಬೇರೆ ಎಲ್ಲಿ ಹೇಳಿದರೂ ಪಾಪ ಅನ್ನುತ್ತಿದ್ದರು.
ನಂಬೇವೆ ಬೆಂಕಿಗೆ ಸೌದೆ ನೂಕಿ
ಕಣ್ಣಿನ ಹೊಗೆ ಒರೆಸಿಕೊಂಡು ಕೇಳಿದಳು:
'ಯಾವ ಬಣ್ಣದ ಕೋಳಿ?'